ಕಬ್ಬಿಣ ಏಳದ ಅಮಾವಾಸ್ಯೆ

ನಮ್ಮೂರಿನಲ್ಲಿ ತವೆಗೂ ಮೂಗುದಾರ ಹಾಕುತ್ತೇವೆ. ಕುಡುಗೋಲು, ಕೊಡಲಿ, ಈಳಿಗೆಮಣೆ, ಬೀಗದ ಕೈ, ಸೂಜಿ, ಎಲ್ಲಕ್ಕೂ ಒಂದೊಂದು ಹಗ್ಗವೋ ದಾರವೋ ಇದ್ದೇ ಇರುತ್ತದೆ. ಕೆಲಸ ಮುಗಿದ ಕೂಡಲೇ ಗೂಟಕ್ಕೆ ಕಟ್ಟಿಬಿಡುವುದು. ಕಬ್ಬಿಣ ಯಾವಾಗ ಏಳುತ್ತದೋ ಹೇಳಲಾಗದು. ಎದ್ದರೆ ಅದರ ಮುಖ ಉತ್ತರದ ಗುಡ್ಡದ ಕಡೆಗೇ. ನೆಲದ ಮೇಲೆ ಮರೆತಿಟ್ಟ ಸುತ್ತಿಗೆ ಅಂಗಳ ದಾಟಿ ಬೀದಿಗೆ ಇಳಿಯುತ್ತದೆ. ಗೂಟದಲ್ಲಿದ್ದ ಕುಡುಗೋಲು ಹಸಿದ ಕರುವಿನ ಹಾಗೆ ಜಗ್ಗುತ್ತದೆ. ಒಮ್ಮೊಮ್ಮೆ ಹಾಲು ಉಕ್ಕುವಷ್ಟು ಹೊತ್ತು, ಒಮ್ಮೊಮ್ಮೆ ಅರ್ಧ ದಿನ, ಆಮೇಲೆ ಮತ್ತೆ ಮಲಗುತ್ತದೆ. ಅದಕ್ಕೇ ನಮ್ಮ ಮನೆಗಳಿಗೆ ಮೊಳೆಯಿಲ್ಲ, ಮರದ ಬೆಣೆಯೇ ಗತಿ. ಕ್ಷೌರದಂಗಡಿಯವನು ಗಿರಾಕಿಯನ್ನು ಯಾವತ್ತೂ ಕತ್ತಿಯ ದಕ್ಷಿಣಕ್ಕೇ ಕೂರಿಸುತ್ತಾನೆ. ಹೆಣ್ಣು ನೋಡಲು ಹೋದವರು ಮೊದಲು ಅಡುಗೆಮನೆಗೆ ಇಣುಕುತ್ತಾರೆ. ತವೆ ಬಿಡಿಯಾಗಿ ಬಿದ್ದಿದ್ದರೆ ಚಹಾ ಕುಡಿಯದೆ ಎದ್ದು ಬರುತ್ತಾರೆ.

ನಾನು ಹಗ್ಗದಂಗಡಿ ಗೂಳಪ್ಪ. ಇಂಥ ಊರಿನಲ್ಲಿ ಹಗ್ಗ ಹೊಸೆಯುವವನ ಒಲೆ ಆರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಕಬ್ಬಿಣ ಏಳುವುದರಿಂದಲೇ ನಾನು ಮನೆ ಕಟ್ಟಿಸಿದ್ದೇನೆ. ಆದರೂ ಆ ವರ್ಷ ಅದರ ಮೇಲೆ ನನಗೆ ರೋಷ ಉಕ್ಕುತ್ತಿತ್ತು. ಕಾರಣ, ನನ್ನ ಹೆಂಡತಿ ದ್ಯಾಮವ್ವನ ಕಣ್ಣು. ಅವಳ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಈಗ ಪೊರೆ ಬಂದು, ಎದುರಿಗೆ ನಿಂತವನು ನಾನೋ ಕಂಬವೋ ಎಂದು ತಿಳಿಯದ ಸ್ಥಿತಿಗೆ ಬಂದಿದ್ದಳು. ನನ್ನ ಮೈಯ ಪುಂಡಿನಾರಿನ ವಾಸನೆ ಹಿಡಿದು, "ಬಂದ್ಯಾ?" ಅನ್ನುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ನಾನು ಸುಮ್ಮನೆ ನುಂಗುತ್ತಿದ್ದೆ.

ಘಟ್ಟದಾಚೆಯ ಪೇಟೆಯಲ್ಲಿ ಕಣ್ಣಿನ ಡಾಕ್ಟರ್ ಹೊಸಮನಿ ಇದ್ದರು. ಕೈಗುಣದ ಮನುಷ್ಯ. ಆದರೆ ದ್ಯಾಮವ್ವನಿಗೆ ಘಟ್ಟ ಹತ್ತಲಾಗದು. ಒಮ್ಮೆ ಕರೆದೊಯ್ದಾಗ ಅರ್ಧ ದಾರಿಯಲ್ಲೇ ಉಸಿರು ಕಟ್ಟಿ ತುಟಿ ನೀಲಿಯಾಗಿ, ಗಾಡಿ ತಿರುಗಿಸಿಕೊಂಡು ಬಂದಿದ್ದೆವು. ಡಾಕ್ಟರೇ ಇಲ್ಲಿಗೆ ಬರಬೇಕೆಂದರೆ, ಹಿಂದೊಮ್ಮೆ ಬಂದಿದ್ದಾಗ ಆಪರೇಷನ್ ನಡುವೆ ಕಬ್ಬಿಣ ಎದ್ದು, ಅವರ ಕೈಯೊಳಗಿನ ಕತ್ತಿ ಹೊರಳಿ, ಮಲಗಿದ್ದವನ ಹುಬ್ಬು ಸೀಳಿತ್ತು. ಕಣ್ಣು ಕೂದಲೆಳೆಯಲ್ಲಿ ಉಳಿಯಿತು. ಅವತ್ತೇ ಹೋದವರು ಮತ್ತೆ ನಮ್ಮೂರಿನ ಕಡೆ ತಲೆ ಹಾಕಿರಲಿಲ್ಲ.

ನಾನು ಹೋಗಿ ಅವರ ಮುಂದೆ ಕೈ ಮುಗಿದು ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೂಳಪ್ಪ, ಮುಂದಿನ ತಿಂಗಳು ನಂಗ ಸಮುದ್ರದ ಕಡೆ ವರ್ಗ ಆಗೈತಿ. ಅಷ್ಟರಾಗ ಕಬ್ಬಿಣ ಏಳಲಾರದ ಒಂದು ಮುಂಜಾನೆ ತೋರಸು, ಬರ್ತೀನಿ. ಒಂದಾ ಸಲ. ಇರೂದೂ ಒಂದಾ ಕಣ್ಣು. ದೇವರ ಮ್ಯಾಲೆ ಭಾರ ಹಾಕಿ ಕತ್ತಿ ಹಿಡಿಯಾಕ ನನ್ನ ಕೈಲೆ ಆಗೂದಿಲ್ಲಪ."

ಊರಿನಲ್ಲಿ ಇಂಥದ್ದಕ್ಕೆ ಕೇಳಬೇಕಾದವನು ಗಂಟೆ ಈರಭದ್ರಪ್ಪ. ಕಬ್ಬಿಣ ಎದ್ದಾಗ ಚಾವಡಿಯ ಕಂಚಿನ ಗಂಟೆ ಬಾರಿಸುವುದು ಅವರ ಮನೆತನದ ಕೆಲಸ. ನಾನು ಕೇಳುವ ಮೊದಲೇ ಅವನು ಹೇಳಿದ. "ಅಮಾಸಿ ಹೋಗಲಿ. ಅಮಾಸಿಗೆ ಕಬ್ಬಿಣ ಮೈಮ್ಯಾಲೆ ಬರ್ತೈತಿ. ಅದು ಮುಗಿದು ಚಂದ್ರ ಏರಾಕತ್ತಿದ ಮ್ಯಾಲೆ ಗುರುವಾರ ಇಟ್ಕೋ. ನನ್ನಪ್ಪ, ನನ್ನಜ್ಜ ಎಲ್ಲಾ ಇದನ್ನ ಹೇಳ್ಯಾರ." ನಾನು ಗುರುವಾರವೆಂದೇ ಮನಸ್ಸು ಮಾಡಿಕೊಂಡೆ.

ಆ ವಾರವೇ ಶಾಲೆಯಲ್ಲಿ ಪಾಠ ಹೇಳುವ ಜರೀನಾ ಅಕ್ಕೋರು ನನ್ನ ಅಂಗಡಿಗೆ ಬಂದರು. ಬೇರೆ ಊರಿನವರು, ಮಳೆಗಾಲದ ಹೊತ್ತಿಗೆ ನಮ್ಮಲ್ಲಿಗೆ ಬಂದಿದ್ದವರು. "ಹೊಸಿಲಾರದ ದಾರ ಬೇಕ್ರಿ," ಅಂದರು.

"ಹೊಸಿಲಾರದ್ದು ದಾರ ಹೆಂಗ ಆಗ್ತೈತ್ರಿ ಅಕ್ಕೋರ? ನಾದಲಾರದ ಹಿಟ್ಟಿನ ರೊಟ್ಟಿ ಕೇಳಿದಂಗಾತು."

"ಹೊಸೆದ ದಾರ ಬಿಚ್ಚಿಕೊಳ್ಳಾಕ ತಾನಾ ತಿರುಗ್ತೈತಿ. ತಿರುಗಿದ್ದು ದಾರನೋ, ಅದಕ್ಕ ಕಟ್ಟಿದ ಅಯಸ್ಕಾಂತನೋ, ನನ್ನ ಹುಡುಗರಿಗೆ ಗೊತ್ತಾಗಬೇಕಲ್ರಿ."

ಮಾತು ನನಗೆ ಹಿಡಿಸಿತು. ಜೀವಮಾನವಿಡೀ ಹಗ್ಗ ತಿರುವಿದ್ದೇನೆ, ಬಿಟ್ಟರೆ ಅದು ಹಿಂದಕ್ಕೆ ತಿರುಗುತ್ತದೆಂದು ಬಲ್ಲೆ. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ಒಂದೇ ಒಂದು ಎಳೆ ಬಿಡಿಸಿದೆ. ಇದನ್ನು ಏನು ಮಾಡುತ್ತಾರೋ ನೋಡೋಣವೆಂದು ನಾನೇ ಶಾಲೆಗೆ ಒಯ್ದೆ.

ನಮ್ಮ ಶಾಲೆ ಹಳೆಯ ಹತ್ತಿ ಗೋದಾಮು. ಎತ್ತರದ ಗೋಡೆ, ಕಿಟಕಿ ಕಡಿಮೆ. ಒಳಗೆ ಕಾಲಿಟ್ಟರೆ ಕತ್ತಲು, ಕತ್ತಲಲ್ಲಿ ಮಕ್ಕಳ ಗದ್ದಲ. ಬಾಗಿಲಲ್ಲೇ ನನ್ನನ್ನು ಹಿಡಿದವಳು ಏಳನೆಯ ತರಗತಿಯ ಪಾರವ್ವ, ಕುಂಬಾರರ ಮನೆಯ ಹುಡುಗಿ, ಎಲ್ಲರ ಬಾಯಲ್ಲಿ ಪಾರಿ. ಬಾಯಿಗೆ ಬೀಗ ಇಲ್ಲದವಳು.

"ಗೂಳಪ್ಪಜ್ಜಾ, ಮೊದಲನೇ ದಿನ ಏನಾತಂದ್ರ, ಅಕ್ಕೋರು ಎಲ್ಲಾರಿಗೂ ಒಂದೊಂದು ಸೂಜಿ ಕೊಟ್ಟು, ಅಯಸ್ಕಾಂತಕ್ಕ ತಿಕ್ಕಿಸಿ, ಬೆಂಡಿನ ಮ್ಯಾಲಿಟ್ಟು ನೀರಾಗ ತೇಲಿ ಬಿಡ್ರಿ ಅಂದ್ರು. ಬಿಟ್ವಿ. ಒಂದರ ಉತ್ತರಕ್ಕ ತಿರುಗಬೇಕಲ್ಲ? ಊಹೂಂ! ಅಕ್ಕೋರು ಅಳೋದೊಂದು ಬಾಕಿ. ಆಮ್ಯಾಲೆ ನೋಡಿದ್ರ ಎಲ್ಲಾರೂ ಸೂಜಿಗೆ ದಾರ ಪೋಣಿಸಿ ಬಟ್ಟಲದ ಕಿವಿಗೆ ಕಟ್ಟಿಬಿಟ್ಟೀವಿ!"

ಮಕ್ಕಳೆಲ್ಲ ಹೋ ಎಂದು ನಕ್ಕರು. ಇದರಲ್ಲಿ ನಗುವಂಥದ್ದೇನು ಎಂದು ನನಗೆ ತಿಳಿಯಲಿಲ್ಲ. "ಮತ್ತ ಕಟ್ಟಲಾರದ ಬಿಡ್ತಾರೇನು ಸೂಜಿನ?" ಅಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಅಷ್ಟರಲ್ಲಿ ಹೊರಗಿನಿಂದ ಯಾರೋ, "ಬಿಟ್ಟೆ!" ಎಂದು ಕೂಗಿದರು. ಅಂಗಳದಲ್ಲಿ ಒಂದು ಕನ್ನಡಿ ಇಟ್ಟಿದ್ದರು. ಅದರ ಮುಖಕ್ಕೆ ಕಾಗದ ಅಂಟಿಸಿ, ಕಾಗದದ ನಡುವೆ ಬೆರಳುಗುರಿನಷ್ಟು ಕಿಂಡಿ ಬಿಟ್ಟಿದ್ದರು. ಬಿಸಿಲು ಆ ಕಿಂಡಿಯಷ್ಟೇ ಕನ್ನಡಿಗೆ ಬಿದ್ದು, ಬಾಗಿಲೊಳಗೆ ಹಾದು, ಗೋದಾಮಿನ ಆ ತುದಿಯ ಗೋಡೆಗೆ ಬಂದು ಕೂತಿತು. ಕೂತಿದ್ದು ಚೌಕ ಅಲ್ಲ, ಕಿಂಡಿಯ ಆಕಾರವೂ ಅಲ್ಲ. ಹಪ್ಪಳದಷ್ಟು ದೊಡ್ಡದು, ದುಂಡಗೆ, ಅಂಚು ನಡುಗುತ್ತಿದ್ದ ಸೂರ್ಯ! ಸೂರ್ಯನನ್ನು ನಾನು ಅಷ್ಟು ಹತ್ತಿರದಿಂದ, ಕಣ್ಣು ಕಿರಿದು ಮಾಡದೆ, ಎದುರು ಬದುರು ನಿಂತು ನೋಡಿದ್ದು ಅದೇ ಮೊದಲು.

"ಓಡ್ತಾನ, ಓಡ್ತಾನ, ಲಗೂ ಬರೀರಿ!" ಎಂದು ಪಾರಿ ಕೂಗಿದಳು. ನಿಜವೇ, ಆ ಹಪ್ಪಳ ಗೋಡೆಯ ಮೇಲೆ ಮೆಲ್ಲಗೆ ಜರುಗುತ್ತಿತ್ತು. ಮಕ್ಕಳು ಕಾಗದ ಒಡ್ಡಿ ಅದರ ಸುತ್ತ ಗೆರೆ ಎಳೆದು, ಒಳಗೆ ಬಲ ಅಂಚಿನಲ್ಲಿ ಒಂದು ಮಸುಕು ಚುಕ್ಕೆ ಇಟ್ಟರು. "ಇದು ಕಲೆ, ಅಜ್ಜಾ. ಸೂರ್ಯನ ಮೈಮ್ಯಾಲಿಂದು. ದಿನಾ ಸ್ವಲ್ಪ ಸ್ವಲ್ಪ ನಡುವಿಗೆ ಬರ್ತೈತಿ, ಆ ಕಡೆ ಹೋಗಿ ಮರೆಯಾಗ್ತೈತಿ. ನಾವು ಮಳೆ ನಿಂತಾಗಿಂದ ಬರೀತೀವಿ. ದೊಡ್ಡ ಕಲೆ ನಡುವಿಗೆ ಬಂದು ನಿಂತ ಎರಡು ದಿನಕ್ಕ ಊರಾಗ ಗಂಟಿ ಬಾರಿಸೇ ಬಾರಿಸ್ತಾರ. ಕಲೆ ಇಲ್ದಾಗ ಬಾರಿಸಿಲ್ಲ."

ನನ್ನ ಕೈಯೊಳಗಿನ ರೇಷ್ಮೆ ಎಳೆ ಎಲ್ಲಿ ಬಿತ್ತೋ ನೆನಪಿಲ್ಲ. ಮೊದಲು ಹೊಳೆದದ್ದು ವ್ಯಾಪಾರದ ಮಾತು, ಅದನ್ನು ಮುಚ್ಚಿಡುವುದೇಕೆ. ಕಬ್ಬಿಣ ಏಳುವ ದಿನ ಮುಂಚೆಯೇ ಗೊತ್ತಾದರೆ ಉಳಿದ ದಿನ ಯಾರು ಕಟ್ಟುತ್ತಾರೆ? ಎರಡನೆಯದಾಗಿ ಹೊಳೆದದ್ದು ದ್ಯಾಮವ್ವ. ಆಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ತಂಗೀ, ನಮ್ಮಾಕಿ ಕಣ್ಣಿನ ಆಪರೇಷನ್ನಿಗೆ ಮುಂದಿನ ಗುರುವಾರ ಹೆಂಗೈತಿ ನೋಡು!"

ಪಾರಿ ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಬೆರಳಿನಲ್ಲಿ ಕಲೆಯ ದಾರಿ ಅಳೆದಳು. ಮುಖ ಸಣ್ಣದಾಯಿತು. "ಗುರುವಾರ ಬ್ಯಾಡ ಅಜ್ಜಾ. ಈ ಕಲೆ ದೊಡ್ಡದೈತಿ. ಮಂಗಳವಾರ ನಡುವಿಗೆ ಬರ್ತೈತಿ, ಗುರುವಾರ ಏಳ್ತೈತಿ. ಅದಕ್ಕೂ ಮೊದಲ ಮಾಡ್ಸು. ಶನಿವಾರ ಛಲೋ."

"ಶನಿವಾರ ಅಮಾಸಿ!"

"ಅಮಾಸಿ ಆದ್ರ ಏನಾತು? ಸೂರ್ಯಗ ಗೊತ್ತೈತೇನು?"

ಜರೀನಾ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು. "ಸೂರ್ಯ ತನ್ನ ಸುತ್ತ ತಾನು ತಿರುಗಿ ಬರೋದಕ್ಕೂ ಅಮಾಸಿ ತಿರುಗಿ ಬರೋದಕ್ಕೂ ಬಾಳ ಅಂತರ ಇಲ್ರಿ. ಒಮ್ಮೊಮ್ಮೆ ಎರಡೂ ಕೂಡಿ ಬಂದಿರ್ತಾವ. ನಿಮ್ಮ ಹಿರೇರು ಸುಳ್ಳು ಹೇಳಿಲ್ಲ, ಕೂಡಿ ಬಂದದ್ದನ್ನ ನೆನಪಿಟ್ಟಾರ ಅಷ್ಟ. ಆದ್ರ ನಾವು ನೋಡಾಕತ್ತಿ ಬಾಳ ದಿನ ಆಗಿಲ್ಲ. ಇದು ಕಣ್ಣಿನ ಮಾತು. ಖಾತ್ರಿ ಅಂತ ನಾ ಹೇಳೂದಿಲ್ಲ." ಆ ಕೊನೆಯ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ಖಾತ್ರಿ ಕೊಡುವವರನ್ನು ನಾನು ಸಂತೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಬಂದಿತ್ತು. ಈರಭದ್ರಪ್ಪ ನಮ್ಮ ಕಟ್ಟೆಯ ಮೇಲೆ ಕೂತಿದ್ದ. "ಹುಚ್ಚು ಹಿಡಿದೈತೇನು ನಿನಗ? ಅಮಾಸಿ ದಿನ ಯಾರೂ ಕ್ಷೌರ ಸೈತ ಮಾಡಿಸ್ಕೊಳ್ಳೂದಿಲ್ಲ. ಚುಕ್ಕಿ ಬರಿಯೋ ಹುಡುಗರ ಮಾತು ಕೇಳಿ ಹೆಂಡತಿ ಕಣ್ಣಿಗೆ ಕತ್ತಿ ಹಾಕಸ್ತಿ?"

"ನನಗೂ ಅದಾ ದಿಗಿಲು," ಅಂದೆ.

ಒಳಗಿನಿಂದ ದ್ಯಾಮವ್ವ ಗೋಡೆ ಸವರುತ್ತ ಬಂದು ಹೊಸ್ತಿಲಲ್ಲಿ ನಿಂತಳು. "ಈರಭದ್ರಪ್ಪಣ್ಣ, ಒಂದು ಮಾತು ಕೇಳ್ತೀನಿ. ಗುರುವಾರ ಕಬ್ಬಿಣ ಏಳೂದಿಲ್ಲಂತ ನೀ ಹೆಂಗ ಹೇಳ್ತಿ? ಏನರ ನೋಡಿದ್ಯಾ?"

"ನೋಡೂದೇನು? ನಮ್ಮಪ್ಪ ಹೇಳ್ತಿದ್ದ."

"ಆ ಹುಡುಗರು ದಿನಾ ನೋಡ್ತಾರಂತ." ಅವಳು ಸೆರಗು ಸರಿಪಡಿಸಿಕೊಂಡಳು. "ನಾನಂತೂ ನೋಡಲಾರದಾಕಿ. ನೋಡೋರ ಮಾತು ಕೇಳ್ತೀನಿ. ಅಮಾಸಿಗೆ ಡಾಕ್ಟರ್ನ ಕರಸು."

ನಾನು ಬಾಯಿ ತೆರೆದೆ. "ಕಣ್ಣು ನಂದು," ಅಂದಳು. ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಿಗ್ಗೆ ಡಾಕ್ಟರ್ ಜೀಪಿನಲ್ಲಿ ಬಂದಿಳಿದರು. ಇಡೀ ಊರು ಬೀದಿಯಲ್ಲಿತ್ತು. ನಾನು ನನ್ನ ಅಂಗಡಿಯ ದಪ್ಪ ಹಗ್ಗ ತಂದು ಜೀಪನ್ನು ಕೆರೆ ದಂಡೆಯ ನಾಲ್ಕು ಕಲ್ಲುಗಂಬಕ್ಕೆ ಕಟ್ಟಿದೆ. ಡ್ರೈವರ್, "ಎಮ್ಮೀನ ಕಟ್ಟಿದಂಗ ಕಟ್ಟೀರಲ್ರಿ," ಎಂದು ಮುಖ ಸಿಂಡರಿಸಿದ. ಆಪರೇಷನ್ನಿಗೆ ಗೋದಾಮನ್ನೇ ತೊಳೆದು ಬಳಿದು ಇಟ್ಟಿದ್ದೆವು. ಜರೀನಾ ಅಕ್ಕೋರು ಹಟ ಮಾಡಿ ಒಂದು ಉಪ್ಪಿನಕಾಯಿ ಭರಣಿ ತಂದಿಟ್ಟರು. ಗಾಜಿನ ಭರಣಿ, ಅದರೊಳಗೆ ನಾನು ಮತ್ತೆ ಬಿಡಿಸಿ ಕೊಟ್ಟ ರೇಷ್ಮೆ ಎಳೆಯಲ್ಲಿ ಜೋತಾಡುವ ಪುಟ್ಟ ಅಯಸ್ಕಾಂತ, ಅಯಸ್ಕಾಂತಕ್ಕೆ ಅಂಟಿಸಿದ ಕನ್ನಡಿ ಚೂರು. ಕವಲುಳ್ಳ ಮರದ ಕೋಲಿಗೆ ಸಿಕ್ಕಿಸಿದ ಟಾರ್ಚಿನ ಬೆಳಕು ಆ ಚೂರಿಗೆ ಬಡಿದು ದೂರದ ಗೋಡೆಗೆ ಒಂದು ಬೆಳಕಿನ ಚುಕ್ಕಿಯಾಗಿ ಬೀಳುತ್ತಿತ್ತು. "ಬಿಸಿಲು ಯಾಕ ಬ್ಯಾಡಾತು?" ಎಂದು ಕೇಳಿದೆ. "ಬಿಸಿಲು ತಾನಾ ಜರುಗ್ತೈತಲ್ಲಜ್ಜ," ಎಂದು ಪಾರಿ ನನಗೆ ಬುದ್ಧಿ ಹೇಳಿದಳು. "ಕಬ್ಬಿಣ ಏಳೋಕಿಂತ ಮೊದಲು ಈ ಅಯಸ್ಕಾಂತ ಕೂದಲೆಳಿ ಅಲುಗಿದ್ರೂ ಅಲ್ಲಿ ಚುಕ್ಕಿ ಗೇಣು ಜರುಗ್ತೈತಿ. ಜರುಗಿದ್ರ ನಾ ಕೂಗ್ತೀನಿ, ಡಾಕ್ಟರ್ ಸಾಹೇಬ್ರು ಕೈ ಎತ್ತಬೇಕು."

ಡಾಕ್ಟರ್ ಭರಣಿಯ ಸುತ್ತ ಎರಡು ಸಲ ಸುತ್ತಿ ಬಂದರು. "ನಂಗ ಯಾರೂ ಇಂಥಾ ಕಾವಲು ಕೊಟ್ಟಿರಲಿಲ್ಲಲ್ಲೇ," ಅಂದರು. ಹಣೆಗೆ ದೀಪ ಕಟ್ಟಿಕೊಂಡು ಕತ್ತಿ ತೆಗೆದರು.

ದ್ಯಾಮವ್ವನ ಮುಖಕ್ಕೆ ಬಿಳಿ ಬಟ್ಟೆ, ನಡುವೆ ಕಣ್ಣಷ್ಟೇ ಕಿಂಡಿ. ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ್ದರು, ಮೈಮೇಲೆ ಉಡಿದಾರದ ಕೀಲಿಯೂ ಇರದ ಹಾಗೆ ತಪಾಸಣೆ ಮಾಡಿ. ಗೋದಾಮು ತುಂಬ ಜನ, ಒಂದು ಕೆಮ್ಮಿಲ್ಲ. ಎಲ್ಲರೂ ಆ ಚುಕ್ಕಿಯನ್ನೇ ನೋಡುತ್ತಿದ್ದರು. ಅದು ಗೋಡೆಯ ಮೇಲೆ ಗೂಟ ಹೊಡೆದ ಹಾಗೆ ನಿಂತಿತ್ತು. ಡಾಕ್ಟರರ ಕೈ ಇಳಿಯಿತು.

ಆಗ ಚುಕ್ಕಿ ಸರಕ್ಕನೆ ಜಾರಿತು.

"ಕೈ ಎತ್ರೀ!" ಪಾರಿಯ ಕೂಗಿಗೆ ಗೋದಾಮಿನ ಪಾರಿವಾಳಗಳು ಎದ್ದವು. ಡಾಕ್ಟರರ ಕೈ ಗಾಳಿಯಲ್ಲಿ ನಿಂತಿತು. ಈರಭದ್ರಪ್ಪ, "ನಾ ಹೇಳಿದ್ದಿಲ್ಲೇನು, ಅಮಾಸಿ!" ಎಂದು ಗಂಟೆಯ ಕಡೆ ಓಡಲು ಹೊರಟ. ಬಟ್ಟೆಯ ಕೆಳಗಿನಿಂದ ದ್ಯಾಮವ್ವ, "ಏನಾತು? ಯಾರರ ಹೇಳ್ರೆಪಾ," ಅಂದಳು. "ಮಾತಾಡಬ್ಯಾಡ್ರಿ ಅವ್ವಾ, ಅಲುಗಬ್ಯಾಡ್ರಿ," ಅಂದರು ಡಾಕ್ಟರ್. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಇರುವ ಒಂದೇ ಕಣ್ಣು, ಅದೂ ತೆರೆದಿದ್ದು.

ಆದರೆ ಪಾರಿ ಚುಕ್ಕಿಯ ಹತ್ತಿರ ಓಡಿ ಗೋಡೆಗೆ ಮೂಗು ತಾಗಿಸಿ ನಿಂತಳು. "ನಡುಗಾಕತ್ತಿಲ್ಲ," ಅಂದಳು. "ಅಕ್ಕೋರ, ಕಬ್ಬಿಣ ಏಳೋ ಮೊದಲು ಚುಕ್ಕಿ ನಡುಗ್ತೈತಿ, ಅತ್ತ ಇತ್ತ ಹೊಯ್ದಾಡ್ತೈತಿ. ಇದು ಒಂದಾ ಸಲ ಜರುಗಿ ಸುಮ್ನ ನಿಂತೈತಿ. ಇದು ಸೂರ್ಯಂದಲ್ಲ! ಯಾರೋ ಕಬ್ಬಿಣ ತಂದಾರ!"

ನಾನು ಚೌಕಟ್ಟು ಬಿಟ್ಟೆ. ಹೊರಗೆ ಓಡಿದೆ. ಗೋದಾಮಿನ ಗೋಡೆಗೆ ಒರಗಿಸಿದ ಹಾಗೆ, ನೆರಳಿನಲ್ಲಿ, ಜೀಪು ನಿಂತಿತ್ತು. ಡ್ರೈವರ್ ಒಳಗೆ ಕಾಲು ಚಾಚಿ ಬೀಡಿ ಹಚ್ಚಿಕೊಳ್ಳುತ್ತಿದ್ದ. "ಯಾಕೋ ಬಿಚ್ಚಿದಿ ಹಗ್ಗಾನ?"

"ಬಿಸಲಾಗ ಸೀಟು ಕಾದ್ರ ಸಾಹೇಬ್ರು ಬೈತಾರ್ರಿ. ಇಳಿಜಾರು ಐತಿ, ಎಂಜಿನ್ ಹಚ್ಚಲಾರದ ಉರುಳಿಸಿಕೊಂಡು ಬಂದೆ."

ಅವನನ್ನು ಬೈಯಲು ನನಗೆ ಪುರಸೊತ್ತಿರಲಿಲ್ಲ. ಎಂಜಿನ್ ಶುರುವಾಗುವ ತನಕ ಕಾಯಲೂ ತಾಳ್ಮೆಯಿರಲಿಲ್ಲ. ಹಿಂದೆ ಬಂದ ಜನರೆಲ್ಲ ಸೇರಿ ಜೀಪನ್ನು ನೂಕಿದೆವು. ಬೀಡಿ ಬಾಯಲ್ಲಿಟ್ಟುಕೊಂಡೇ ಡ್ರೈವರ್ ಸ್ಟಿಯರಿಂಗ್ ತಿರುವಿದ. ಕೆರೆ ದಂಡೆ ಮುಟ್ಟಿದಾಗ ಗೋದಾಮಿನೊಳಗಿನಿಂದ ಮಕ್ಕಳ ಹರ್ಷದ ಕೂಗು ಕೇಳಿತು. ಚುಕ್ಕಿ ತನ್ನ ಜಾಗಕ್ಕೆ ಮರಳಿತ್ತು. ಒಳಗೆ ಬಂದಾಗ ಡಾಕ್ಟರ್ ಆಗಲೇ ಬಾಗಿದ್ದರು. ಕೈ ಕಲ್ಲಿನಂತೆ ನಿಂತಿತ್ತು. ಒಂದಿಷ್ಟು ಹೊತ್ತಿಗೆ ಕತ್ತಿ ತಟ್ಟೆಗೆ ಹಾಕಿ, ಪಟ್ಟಿ ಕಟ್ಟಿ, "ಮುಗೀತು," ಅಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟ ಸದ್ದು ಗಾಳಿ ಬೀಸಿದ ಹಾಗಿತ್ತು.

ಆದರೆ ಕಣ್ಣು ಬಂದಿದೆಯೋ ಇಲ್ಲವೋ ಪಟ್ಟಿ ಬಿಚ್ಚುವ ತನಕ ಹೇಳಲಾಗದು. ನಡುವೆ ಕೈ ಎತ್ತಬೇಕಾಗಿ ಬಂದದ್ದರಿಂದ ತಮಗೂ ಅನುಮಾನವಿದೆ ಎಂದು ಡಾಕ್ಟರ್ ನನಗೊಬ್ಬನಿಗೇ ಹೇಳಿದರು. ಮುಂದಿನ ಶನಿವಾರ ಬಿಚ್ಚಿ ಎಂದು ಹೇಳಿ ಹೋದರು. ಆ ವಾರ ನಾನು ಹೊಸೆದ ಹಗ್ಗವೆಲ್ಲ ಗಂಟು ಗಂಟು.

ಗುರುವಾರ ಹೊತ್ತೇರುತ್ತಿದ್ದಂತೆ ಕಬ್ಬಿಣ ಎದ್ದಿತು. ಅಂಥ ಏಳುವಿಕೆಯನ್ನು ನಾವು ಬಹಳ ವರ್ಷ ಕಂಡಿರಲಿಲ್ಲ. ಚಾವಡಿಯ ಎದುರಿನ ಗಾಡಿಯ ಕಬ್ಬಿಣದ ಹಳಿಪಟ್ಟಿ ಗಾಲಿಯನ್ನು ಬಿಟ್ಟು ಉತ್ತರಕ್ಕೆ ಉರುಳಿತು. ನನ್ನ ಅಂಗಡಿಯ ತಕ್ಕಡಿ ತಲೆಕೆಳಗಾಯಿತು. ಗೂಟಗಳೆಲ್ಲ ಕಿರ್ರೆಂದವು. ದ್ಯಾಮವ್ವ ಪಟ್ಟಿ ಕಟ್ಟಿದ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. "ಆಪರೇಷನ್ನಿಗೆ ಇವತ್ತ ಮಲಗಿದ್ರ?" ಎಂದಷ್ಟೇ ಅಂದಳು. ನಾನು ಅವಳ ಪಕ್ಕದಲ್ಲಿ ಕೂತು ಅವಳ ಇನ್ನೊಂದು ಕೈ ಹಿಡಿದುಕೊಂಡೆ. ಹೊರಗೆ ಗಂಟೆ ಬಾರಿಸಿ ಬಾರಿಸಿ ಸುಸ್ತಾದ ಈರಭದ್ರಪ್ಪ ಸಂಜೆ ಬಂದು ಕಟ್ಟೆಯ ಮೇಲೆ ಕೂತ. "ಆ ಸೂರ್ಯನ ಹಪ್ಪಳ ನಂಗೂ ಒಮ್ಮಿ ತೋರಸ್ತಾರೇನು ಕೇಳು," ಅಂದ.

ಶನಿವಾರ ಪಟ್ಟಿ ಬಿಚ್ಚಿಸಿಕೊಳ್ಳಲು ದ್ಯಾಮವ್ವ ಮನೆಯಲ್ಲಿ ಒಪ್ಪಲಿಲ್ಲ. "ಕತ್ತಲದಾಗಾ ಬಿಚ್ಚಬೇಕಂದಾರಲ್ಲ ಡಾಕ್ಟರು. ಗೋದಾಮಿಗೆ ಕರಕೊಂಡು ಹೋಗು. ಯಾವ ಹುಡುಗರ ಮಾತು ಕೇಳಿ ಮಲಗಿದೆನೋ, ಅವರು ನೋಡೋದನ್ನ ನಾ ಮೊದಲು ನೋಡಬೇಕು."

"ನನ್ನ ಮಾರಿ ನೋಡೂದಿಲ್ಲೇನು?" ಅಂದೆ.

"ಅದನ್ನ ನೋಡಿ ನೋಡಿ ಸಾಕಾಗೈತಿ. ಅದೆಲ್ಲಿ ಓಡಿ ಹೋಗ್ತೈತಿ?"

ಗೋದಾಮಿನ ಕತ್ತಲಲ್ಲಿ ಜರೀನಾ ಅಕ್ಕೋರು ಪಟ್ಟಿ ಬಿಚ್ಚಿದರು. ದ್ಯಾಮವ್ವ ರೆಪ್ಪೆ ತೆರೆದು ನಮ್ಮ ಕಡೆಗೆಲ್ಲ ಮುಖ ತಿರುಗಿಸಿದಳು. ಯಾರ ಮೇಲೂ ಕಣ್ಣು ನಿಲ್ಲಿಸಲಿಲ್ಲ. ಅಂಗಳದಲ್ಲಿ ಕನ್ನಡಿ ಹಿಡಿದಿದ್ದ ಪಾರಿ, "ಬಿಡ್ಲೇನು?" ಎಂದು ಕೂಗಿದಳು. ಸೂರ್ಯ ಬಂದು ಗೋಡೆಗೆ ಕೂತ. ಕಳೆದ ವಾರದ ಕಲೆ ಆಗಲೇ ನಡು ದಾಟಿ ಆ ಕಡೆ ಜಾರಿತ್ತು. ದ್ಯಾಮವ್ವ ಎರಡು ಹೆಜ್ಜೆ ಮುಂದೆ ಇಟ್ಟಳು. ತಲೆ ಓರೆ ಮಾಡಿದಳು. ಕೈ ಎತ್ತಿ ಬೆರಳು ತೋರಿಸಿದಳು.

"ಆ ಕಡೆ ಒಂದೈತಿ. ಗೊತ್ತಾತು. ಈ ಬಲ ಅಂಚಿಗೆ ಸಾಸಿವಿಯಷ್ಟು ಇನ್ನೊಂದು ಐತಲ್ಲ, ಅದೇನು?"

ಮಕ್ಕಳು ಕಾಗದ ಹಿಡಿದುಕೊಂಡು ನುಗ್ಗಿದರು. ಯಾರಿಗೂ ಕಾಣಲಿಲ್ಲ. ಒಬ್ಬ, "ಅದು ಗ್ವಾಡಿ ಮ್ಯಾಲಿನ ಹೊಲಸಿರಬೇಕು, ಆಯಿ. ಹಲ್ಲಿದು," ಅಂದ. ನನಗೂ ಕಾಣಲಿಲ್ಲ. ಹೊಸ ಕಣ್ಣಿಗೆ ಇಲ್ಲದ್ದು ತೋರುತ್ತಿದೆಯೇನೋ ಎಂಬ ಭಯ ನನಗೆ. ಈರಭದ್ರಪ್ಪ ಗೋಡೆಗೆ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ, "ಏನೋ ಐತಿ ನೋಡ್ರಿ," ಅಂದ.

"ಗ್ವಾಡಿದೋ ಸೂರ್ಯಂದೋ ಈಗ ಹೇಳ್ತೀನಿ ತಡೀರಿ!" ಎಂದು ಪಾರಿ ಹೊರಗಿನಿಂದ ಕೂಗಿ, ಕನ್ನಡಿಯನ್ನು ತುಸು ಅಲುಗಿಸಿದಳು.

ಗೋಡೆಯ ಮೇಲೆ ಸೂರ್ಯ ಒಂದು ಮೊಳ ಪಕ್ಕಕ್ಕೆ ಹಾರಿದ. ಅವನ ಅಂಚಿಗೆ ಅಂಟಿಕೊಂಡು, ಸಾಸಿವೆಯಷ್ಟು ಆ ಚುಕ್ಕಿಯೂ ಹಾರಿತು.